ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ

ಪುಟ್ಟಿ,

ನಿಮ್ಮ ಪ್ರವಾಸದ ಪಟ್ಟಿ ನೋಡಿದೆ. ನಿಮ್ಮ ಅತ್ತೆ-ಮಾವ ದಾವಣಗೆರೆಯಿಂದ ಬರುತ್ತಿದ್ದಾರೆ, ಅವರನ್ನು ಆರ್‌ವಿ ಅನ್ನುವ ಮನೆಗಾಡಿಯಲ್ಲಿ ಕೂರಿಸಿಕೊಂಡು ಅಮೆರಿಕ ತೋರಿಸಬೇಕು ಅನ್ನುವ ಆಸೆ ಒಳ್ಳೆಯದೇ. ಆದರೆ ಫ್ರೀಮಾಂಟ್ ಬಿಟ್ಟು ಯೆಲ್ಲೋಸ್ಟೋನ್, ಅಲ್ಲಿಂದ ಮೌಂಟ್ ರಶ್ಮೋರ್, ವಾಪಸು ಬರುತ್ತಾ ಗ್ರ್ಯಾಂಡ್ ಕ್ಯಾನಿಯನ್, ಲಾಸ್ ವೇಗಸ್, ಅಷ್ಟೂ ಹತ್ತೇ ದಿನದಲ್ಲಿ! ಯೆಲ್ಲೋಸ್ಟೋನಿಗೆ ಹೋಗುವ ದಾರಿಯೇ ಹತ್ತಿರ ಹತ್ತಿರ ಸಾವಿರ ಮೈಲಿ. ಈ ಪಟ್ಟಿ ಕಾರಿಗೇ ಭಾರ. ಆರ್‌ವಿಗಂತೂ ಹೇಳಿ ಮಾಡಿಸಿದ್ದಲ್ಲ.

ನಾನೂ ನಿಮ್ಮ ದೊಡ್ಡಪ್ಪನೂ ಮೊದಲು ಬಾಡಿಗೆ ಗಾಡಿಯಲ್ಲಿ ಸುತ್ತಿ, ಆಮೇಲೆ ಸ್ವಂತದ್ದೊಂದು ಇಟ್ಟುಕೊಂಡು, ವಯಸ್ಸಾಯಿತೆಂದು ಅದನ್ನು ಮಾರಿ ಮತ್ತೆ ಬಾಡಿಗೆಗೇ ಬಂದವರು. ಅಷ್ಟೂ ತಿರುಗಾಟದ ಸಾರ ಹೇಳು ಅಂದರೆ ನನ್ನ ಹತ್ತಿರ ಇರುವುದು ಒಂದೇ ಮಾತು: ಆರ್‌ವಿ ತರುವುದು ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ. ನಿಮ್ಮಜ್ಜಿ ಭಾರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಬಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದಳಲ್ಲ, ಬಂಡಿಯ ಓಟವೇ ಸುಖ ಅಂತ ಅವಳು ಒಂದು ದಿನವೂ ಹೇಳಿದವಳಲ್ಲ. ಸೊಂಟ ಹಿಡಿಯಿತು ಅಂತಲೇ ಹೇಳುತ್ತಿದ್ದಳು. ಎತ್ತು ಬಿಚ್ಚಿ, ನೊಗ ಇಳಿಸಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದ ಮೇಲೇ ಅವಳ ಜಾತ್ರೆ ಶುರು. ಈ ಗಾಡಿಯೂ ಹಾಗೇ. ಓಡುವಾಗ ಒಳಗಿನ ಪಾತ್ರೆಗಳೆಲ್ಲ ಗಲಗಲ ಅನ್ನುತ್ತವೆ, ಗಾಳಿಗೆ ಮೈ ಹೊಯ್ದಾಡುತ್ತದೆ, ಪೆಟ್ರೋಲು ಕುಡಿಯುತ್ತದೆ. ನಿಂತಾಗ ಮಾತ್ರ ಮನೆಯಾಗುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ ಅಂದುಕೋ.

ಊರು ಕಡಿಮೆ, ರಾತ್ರಿ ಹೆಚ್ಚು

ಇಲ್ಲಿನ ಹಳೆಯ ಆರ್‌ವಿ ಮಂದಿ ಮೂರು-ಮೂರು-ಮೂರು ಅಂತ ಒಂದು ಲೆಕ್ಕ ಹೇಳುತ್ತಾರೆ. ದಿನಕ್ಕೆ ಮುನ್ನೂರು ಮೈಲಿ ದಾಟಬೇಡ, ಮಧ್ಯಾಹ್ನ ಮೂರರೊಳಗೆ ಜಾಗ ಸೇರು, ಸೇರಿದ ಕಡೆ ಮೂರು ರಾತ್ರಿ ಇರು. ನಾನು ಮೊದಲನೆಯದನ್ನು ಇನ್ನೂರಕ್ಕೆ ಇಳಿಸುತ್ತೇನೆ. ನಿಮ್ಮ ಮಾವನವರಿಗೆ ಎಪ್ಪತ್ತು ದಾಟಿದೆ. ಮೂರು ಗಂಟೆಯ ಮಾತು ಮಾತ್ರ ಬಿಡಬೇಡ. ಕತ್ತಲಲ್ಲಿ, ಗೊತ್ತಿಲ್ಲದ ಕ್ಯಾಂಪ್‌ಗ್ರೌಂಡಿನಲ್ಲಿ, ಮರದ ಕೊಂಬೆ ಎಲ್ಲಿದೆ ಅಂತ ಟಾರ್ಚು ಹಿಡಿದು ಗಾಡಿ ಹಿಂದಕ್ಕೆ ತೆಗೆಯುವ ಗಂಡ-ಹೆಂಡತಿ ಜಗಳವಾಡದೆ ಮಲಗಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಎಲ್ಲಿಗೆ? ನನ್ನ ಮಾತು ಕೇಳಿದರೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವದ ಮಗ್ಗುಲಿಗೆ, 395ನೇ ಹೆದ್ದಾರಿಗೆ ಹೋಗಿ. ಮೊದಲ ರಾತ್ರಿ ಯೊಸೆಮಿಟಿಗೆ ಇನ್ನೂ ಈಚೆಗೇ, ಗ್ರೋವ್‌ಲ್ಯಾಂಡ್ ಸುತ್ತಮುತ್ತ ತಂಗಿ. ಮರುದಿನ ನಿಧಾನಕ್ಕೆ ತಿಯೋಗಾ ಪಾಸ್ ಹತ್ತಿ ಇಳಿದರೆ ಲೀ ವೈನಿಂಗ್, ಮೋನೋ ಸರೋವರ. ಪಕ್ಕದ ಜೂನ್ ಲೇಕಿನಲ್ಲಿ ಮೂರು ರಾತ್ರಿ. ಅಲ್ಲಿಂದ ದಕ್ಷಿಣಕ್ಕೆ ಅರವತ್ತು ಮೈಲಿಯ ಆಸುಪಾಸಿನಲ್ಲಿ ಬಿಷಪ್, ಎರಡು ರಾತ್ರಿ. ಮತ್ತೆ ಅರವತ್ತು ಮೈಲಿಗೆ ಲೋನ್ ಪೈನ್, ಎರಡು ರಾತ್ರಿ. ವಾಪಸು ಬರುವಾಗ ಬೇಕರ್ಸ್‌ಫೀಲ್ಡ್ ಕಡೆಯಿಂದ, ನಡುವೆ ಒಂದು ರಾತ್ರಿ ತಂಗಿಕೊಂಡು. ನಿಮ್ಮ ಹತ್ತು ದಿನ ಇಷ್ಟಕ್ಕೇ ಸರಿಹೋಗುತ್ತದೆ. ಯೆಲ್ಲೋಸ್ಟೋನಿಗೆ ಬೇಕಾದರೆ ಇನ್ನೊಮ್ಮೆ ವಿಮಾನದಲ್ಲಿ ಹೋಗಿ ಅಲ್ಲೇ ಹತ್ತಿರದಲ್ಲಿ ಗಾಡಿ ಹಿಡಿಯಿರಿ.

ಜೂನ್ ತಿಂಗಳಲ್ಲಿ ಹೋಗುವುದು ಬೇಡ. ಅತ್ತೆ-ಮಾವ ಆರು ತಿಂಗಳು ಇರುತ್ತಾರಲ್ಲ, ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಹಿಮ ಹೆಚ್ಚು ಬಿದ್ದ ವರ್ಷ ತಿಯೋಗಾ ರಸ್ತೆ ಜೂನಿನಲ್ಲೂ ತೆರೆದಿರುವುದಿಲ್ಲ. ಲೋನ್ ಪೈನಿನಲ್ಲಿ ಬೇಸಿಗೆಯ ಬಿಸಿಲು ನಮ್ಮ ಬಳ್ಳಾರಿಗೆ ಸಮ. ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ. ಅದು ಕಳೆದು ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ ಜಾಗ ಸಿಗುತ್ತದೆ, ಗದ್ದಲ ಇಳಿಯುತ್ತದೆ, ತಿಂಗಳ ಕೊನೆಗೆ ಜೂನ್ ಲೇಕ್ ದಾರಿಯ ಆಸ್ಪೆನ್ ಮರಗಳು ಹಳದಿಗೆ ತಿರುಗುತ್ತವೆ. ಕಾಳ್ಗಿಚ್ಚಿನ ಕಾಲವೂ ಅದೇ ಅನ್ನುವುದನ್ನು ಮರೆಯಬೇಡ. ಹೊರಡುವ ವಾರ ಹೊಗೆ ಎಲ್ಲಿದೆ, ರಸ್ತೆ ಎಲ್ಲಿ ಮುಚ್ಚಿದೆ ನೋಡಿಕೊಂಡೇ ಹೊರಡು.

ಜಾಗ ಕಾಯ್ದಿರಿಸುವ ಗುಟ್ಟು ಇಷ್ಟೇ. ನ್ಯಾಷನಲ್ ಫಾರೆಸ್ಟ್ ಮತ್ತು ನ್ಯಾಷನಲ್ ಪಾರ್ಕುಗಳ ಎಷ್ಟೋ ಕ್ಯಾಂಪ್‌ಗ್ರೌಂಡುಗಳ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ, ನಮ್ಮ ಪಶ್ಚಿಮದ ಗಂಟೆಯಲ್ಲಿ ಬೆಳಗ್ಗೆ ಏಳಕ್ಕೆ. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳದು ಎಂಟಕ್ಕೆ. ಹೆಸರಾದ ಜಾಗ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಸಿಗಲಿಲ್ಲ ಅಂತ ಕೈಚೆಲ್ಲಬೇಡ. ಹೊರಡುವ ಹಿಂದಿನ ಒಂದೆರಡು ವಾರದಲ್ಲಿ ರದ್ದಾದ ಜಾಗಗಳು ಒಂದೊಂದಾಗಿ ಬರುತ್ತವೆ. ಬುಕ್ ಮಾಡುವಾಗ ನಿಮ್ಮ ಗಾಡಿಯ ಉದ್ದ, ಆ ಸೈಟಿನ ಉದ್ದ ಎರಡನ್ನೂ ನೋಡು. ಮೂವತ್ತು ಅಡಿ ಗಾಡಿಯನ್ನು ಇಪ್ಪತ್ತೈದು ಅಡಿ ಜಾಗಕ್ಕೆ ಯಾವ ಅಳಿಯಂದಿರೂ ತೂರಿಸಲಾರರು. ಯೊಸೆಮಿಟಿಯ ಪ್ರವೇಶದ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಹೊರದೇಶದಿಂದ ಬಂದವರಿಗೆ ಬೇರೆ ದರವೂ ಇದೆ. ಅದನ್ನು ಪಾರ್ಕಿನವರ ವೆಬ್‌ಸೈಟಿನಲ್ಲೇ ನೋಡು, ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಲ್ಲ.

ಹಾಸಿಗೆ ಎಣಿಸಬೇಡ, ಬೆಲ್ಟ್ ಎಣಿಸು

ಬಾಡಿಗೆಯವರು 'ಆರು ಜನ ಮಲಗಬಹುದು' ಅಂತ ಬರೆದಿರುತ್ತಾರೆ. ನೀನು ಕೇಳಬೇಕಾದ್ದು ಆರು ಜನ ಕೂರಬಹುದೇ ಅಂತ. ಗಾಡಿ ಓಡುವಾಗ ಪ್ರತಿಯೊಬ್ಬರೂ ಬೆಲ್ಟ್ ಇರುವ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಇರಬೇಕು. ಒಳಗೆ ಹಾಸಿಗೆ ಇದೆ, ಒಲೆ ಇದೆ, ಬಚ್ಚಲಿದೆ ಅಂತ ಹೋಗುತ್ತಾ ಹೋಗುತ್ತಾ ಅತ್ತೆ ಎದ್ದು ಚಹಾ ಕಾಯಿಸುವಂತಿಲ್ಲ, ಮಾವ ಕಾಲು ಚಾಚಿ ಮಲಗುವಂತಿಲ್ಲ. ಇದನ್ನು ಹೊರಡುವ ಮುಂಚೆಯೇ ನಗುನಗುತ್ತಾ ಹೇಳಿಬಿಡು. ದಾರಿಯಲ್ಲಿ ಹೇಳಿದರೆ ಗದರಿದಂತಾಗುತ್ತದೆ.

ಗಾಡಿಯಲ್ಲಿ ಜಾತಿ ಹಲವು. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ, ವ್ಯಾನಿನಂಥದ್ದು ಕ್ಲಾಸ್ ಬಿ, ಡ್ರೈವರನ ತಲೆಯ ಮೇಲೆ ಅಟ್ಟದಂಥ ಹಾಸಿಗೆ ಇರುವುದು ಕ್ಲಾಸ್ ಸಿ. ಕಾರು, ಟ್ರಕ್ಕುಗಳ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರುಗಳು ಬೇರೆ. ನಿಮ್ಮ ನಾಲ್ವರಿಗೆ ಇಪ್ಪತ್ತೈದು ಅಡಿಯ ಕ್ಲಾಸ್ ಸಿ ಸಾಕು. ಮಾಮೂಲಿ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಹಿಂದಿನ ಹಾಸಿಗೆ ಹಿರಿಯರಿಗೆ ಕೊಡಿ. ಏಣಿ ಹತ್ತಿ ಅಟ್ಟದಲ್ಲಿ ಮಲಗುವುದು ನಿಮ್ಮ ಪಾಲು. ದೊಡ್ಡ ಗಾಡಿಯ ಮೋಹ ಹತ್ತಿದರೆ ಒಂದು ಭಾನುವಾರ ಸಾಲಿನಾಸಿಗೆ ಹೋಗಿಬನ್ನಿ. ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಚಾರ್ಲಿ ಎಂಬ ನಾಯಿಯನ್ನು ಜೊತೆಗೆ ಕರೆದುಕೊಂಡು ಅಮೆರಿಕ ಸುತ್ತಿದ ಟ್ರಕ್ಕು ಅಲ್ಲಿನ ಸ್ಟೈನ್‌ಬೆಕ್ ಸೆಂಟರಿನಲ್ಲಿದೆ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಾದ ರೋಸಿನಾಂಟೆಯನ್ನೇ ಅದಕ್ಕೆ ಇಟ್ಟಿದ್ದ. ಬೆನ್ನಿಗೊಂದು ಪುಟ್ಟ ಕೋಣೆ, ಅಷ್ಟೇ. ಆ ತಿರುಗಾಟದ ಪುಸ್ತಕ 1962ರಲ್ಲಿ ಬಂತು, ಅದೇ ವರ್ಷ ಅವನಿಗೆ ನೊಬೆಲ್ ಕೂಡ. ದೊಡ್ಡ ಗಾಡಿ ಇದ್ದಿದ್ದರೆ ಸಣ್ಣ ಊರುಗಳಲ್ಲಿ ನಿಲ್ಲಿಸುವುದಕ್ಕೆ ಜಾಗ ಸಿಗದೆ ಅರ್ಧ ಪುಸ್ತಕ ಹೋಗುತ್ತಿತ್ತು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ನಿಮ್ಮ ಕಾರನ್ನೂ ತೆಗೆದುಕೊಂಡು ಹೋಗಿ. ಅಳಿಯಂದಿರು ಆರ್‌ವಿ ಓಡಿಸಲಿ, ನೀನು ಹಿರಿಯರನ್ನು ಕೂರಿಸಿಕೊಂಡು ಕಾರಿನಲ್ಲಿ ಹಿಂದೆ ಬಾ. ಅವರ ಬೆನ್ನಿಗೂ ಹಿತ. ಆರ್‌ವಿ ಒಂದು ಸಲ ಜಾಗಕ್ಕೆ ನಿಂತು, ಮಟ್ಟವಾಗಿ, ನೀರು-ಕರೆಂಟು ಹಚ್ಚಿಕೊಂಡಿತು ಅಂದರೆ ಹಾಲು ತರುವುದಕ್ಕೂ ಅದನ್ನೇ ಬಿಚ್ಚಿ ಕಟ್ಟುವುದು ಯಾರಿಗೆ ಬೇಕು? ಕ್ಯಾಂಪ್‌ಗ್ರೌಂಡಿನಲ್ಲಿ ಎರಡನೇ ಗಾಡಿಗೆ ಅವಕಾಶ ಇದೆಯೇ, ಹೆಚ್ಚಿಗೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳು.

ದುಡ್ಡಿನ ಮಾತನ್ನೂ ಬಿಚ್ಚಿ ಹೇಳುತ್ತೇನೆ. ಹೋಟೆಲಿನ ಖರ್ಚು ಉಳಿಯುತ್ತದೆ ಅಂತ ಆರ್‌ವಿಗೆ ಹೋಗುವವರು ಲೆಕ್ಕ ಅರ್ಧಕ್ಕೇ ಬಿಟ್ಟವರು. ಕ್ಲಾಸ್ ಸಿ ಗಾಡಿ ಗ್ಯಾಲನ್ನಿಗೆ ಎಂಟು-ಹತ್ತು ಮೈಲಿ ಕೊಟ್ಟರೆ ಪುಣ್ಯ. ದಿನದ ಬಾಡಿಗೆಯ ಮೇಲೆ ಮೈಲಿಗಿಷ್ಟು, ಜನರೇಟರ್ ಗಂಟೆಗಿಷ್ಟು, ಪಾತ್ರೆ-ಹಾಸಿಗೆಗಿಷ್ಟು, ತೊಳೆಯದೆ ಕೊಟ್ಟರೆ ಇನ್ನಷ್ಟು. ಕರಾರಿನ ಸಣ್ಣ ಅಕ್ಷರ ಅಳಿಯಂದಿರಲ್ಲ, ನೀನು ಓದು. ನಿಮ್ಮ ಕಾರಿನ ಇನ್ಶೂರೆನ್ಸ್ ಇದಕ್ಕೂ ಆಗುತ್ತದೆ ಅಂತ ಅಂದುಕೊಳ್ಳಬೇಡ, ಫೋನ್ ಮಾಡಿ ಕೇಳು. ನೀವು ದುಡ್ಡು ಕೊಡುವುದು ಉಳಿತಾಯಕ್ಕಲ್ಲ, ನಾಲ್ಕು ಜನ ಒಂದು ಒಲೆಯ ಸುತ್ತ ಕೂರುವುದಕ್ಕೆ. ಅದು ಬೇಕಾದರೆ ಕೊಡಬೇಕು, ಗೊಣಗಬಾರದು.

ಸ್ಟೀರಿಂಗ್ ಹಿಡಿದವರಿಗೆ

ಈ ಭಾಗವನ್ನು ಅಳಿಯಂದಿರಿಗೆ ಓದಿ ಹೇಳು. ಮೊದಲ ಕೆಲಸ, ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಸ್ಟೀರಿಂಗ್ ಎದುರು ಅಂಟಿಸುವುದು. ನೆತ್ತಿಯ ಮೇಲಿನ ಎ.ಸಿ. ಸೇರಿ ಹನ್ನೊಂದು-ಹನ್ನೆರಡು ಅಡಿ ಇರುತ್ತದೆ. ಉತ್ತರ ಕ್ಯಾರೊಲಿನಾದ ಡರ್ಹಮ್ ಊರಿನಲ್ಲಿ ಹನ್ನೊಂದು ಅಡಿ ಎಂಟು ಅಂಗುಲದ ಒಂದು ರೈಲು ಸೇತುವೆ ಇತ್ತು. ಕೆಳಗೆ ನುಗ್ಗಿದ ಬಾಡಿಗೆ ಟ್ರಕ್ಕುಗಳ, ಆರ್‌ವಿಗಳ ತಲೆಯನ್ನು ಡಬ್ಬಿಯ ಮುಚ್ಚಳ ತೆಗೆದಂತೆ ತೆಗೆದು ಜಗತ್ಪ್ರಸಿದ್ಧವಾಯಿತು. 2019ರಲ್ಲಿ ಎಂಟು ಅಂಗುಲ ಎತ್ತರಿಸಿದರು, ಆಮೇಲೂ ಬಡಿದವರಿದ್ದಾರೆ. ಹೆದ್ದಾರಿಯ ಸೇತುವೆಗಳಲ್ಲಿ ಈ ಭಯವಿಲ್ಲ. ಡ್ರೈವ್-ಥ್ರೂ, ಹೋಟೆಲಿನ ಪೋರ್ಟಿಕೋ, ಮಹಡಿ ಪಾರ್ಕಿಂಗ್, ತಗ್ಗು ಕೊಂಬೆ, ಇವುಗಳ ಹತ್ತಿರ ಹುಷಾರು.

ತಿರುಗಿಸುವಾಗ ಮೂತಿ ಒಂದು ಕಡೆ ಹೋದರೆ ಬಾಲ ಇನ್ನೊಂದು ಕಡೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳಿಗೆ ತಾಗುವುದು ಈ ಬಾಲವೇ. ಟ್ರಕ್ಕುಗಳು ನಿಲ್ಲುವ ದೊಡ್ಡ ಬಂಕುಗಳಿಗೇ ಹೋಗಿ, ನೇರ ಒಳಬಂದು ನೇರ ಹೊರಹೋಗುವಂತಿರಲಿ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿದು ನಿಲ್ಲಬೇಕು, ಡ್ರೈವರನ ಕನ್ನಡಿಯಲ್ಲಿ ಕಾಣುವ ಕಡೆ. ನಿಲ್ಲು ಅನ್ನುವುದಕ್ಕೆ ಒಂದೇ ಕೈಸನ್ನೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಇಬ್ಬರು ಎರಡು ದಿಕ್ಕಿನಲ್ಲಿ ನಿಂತು 'ಬನ್ನಿ ಬನ್ನಿ' ಅಂದರೆ ಗಾಡಿ ಮರಕ್ಕೇ ಹೋಗುವುದು.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇರಬಾರದು, ಕಾದು ಕೈಕೊಡುತ್ತದೆ. ಇಳಿಯುವ ಮೊದಲೇ ಗೇರ್ ಇಳಿಸಬೇಕು. ಯೊಸೆಮಿಟಿಗೆ ಹೋಗುವ 120ನೇ ರಸ್ತೆಯಲ್ಲಿ ಪ್ರೀಸ್ಟ್ ಗ್ರೇಡ್ ಅಂತ ಎರಡು ದಾರಿ ಸಿಗುತ್ತವೆ. ಫೋನಿನ ಮ್ಯಾಪು ಹತ್ತಿರದ್ದು ಅಂತ ಹಳೆಯ, ಕಡಿದಾದ ದಾರಿಯನ್ನು ತೋರಿಸಬಹುದು. ನೀವು ಹೊಸದರಲ್ಲೇ ಹೋಗಿ. ಹಾಗೆಯೇ 108ರ ಸೊನೋರಾ ಪಾಸ್ ಕಡೆ ಸುಳಿಯಲೇಬೇಡಿ, ಅಲ್ಲಿನ ಏರು ಕೆಲವೆಡೆ ಶೇ. 26. ತಿಯೋಗಾ ಎತ್ತರದಲ್ಲಿ 9,900 ಅಡಿ ಮೀರಿದ್ದರೂ ರಸ್ತೆ ಹದವಾಗಿದೆ. ಎರಡು ಲೇನಿನ ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಾ ಹಿಂದೆ ಐದು ಗಾಡಿಗಳು ಸಾಲುಗಟ್ಟಿದವೋ, ಟರ್ನ್‌ಔಟ್ ಸಿಕ್ಕ ಕಡೆ ಪಕ್ಕಕ್ಕೆ ತೆಗೆದು ಬಿಟ್ಟುಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನು, ಎಲ್ಲಾ ಕಡೆ ಮರ್ಯಾದೆ. 395ರಲ್ಲಿ ಜೋರು ಗಾಳಿಯ ಎಚ್ಚರಿಕೆ ಫಲಕ ಕಂಡರೆ ಅದು ನಿಮಗೇ ಬರೆದದ್ದು. ಗಾಳಿ ಇಳಿಯುವವರೆಗೆ ಊರಿನಲ್ಲಿ ನಿಂತು ಕಾಫಿ ಕುಡಿಯಿರಿ. ನಿಲ್ಲುವುದಕ್ಕೇ ತಾನೆ ಬಂದಿದ್ದು.

ನೀರು, ಕರೆಂಟು, ಕೊಳೆ

ಜೂನ್ ಲೇಕಿನ ಓ! ರಿಡ್ಜ್ ಕ್ಯಾಂಪ್‌ಗ್ರೌಂಡ್ ಚಂದ, ಆದರೆ ಅಲ್ಲಿ ಹುಕ್‌ಅಪ್ ಇಲ್ಲ. ಅಂದರೆ ನೀವು ಹೊತ್ತು ತಂದ ನೀರು, ಬ್ಯಾಟರಿ, ಗ್ಯಾಸ್ ಇಷ್ಟರಲ್ಲೇ ಮನೆ ನಡೆಸಬೇಕು. ನೀರಿನ ಟ್ಯಾಂಕು ನಲವತ್ತು ಗ್ಯಾಲನ್ ಅಂದುಕೋ, ನೂರೈವತ್ತು ಲೀಟರು. ನಾಲ್ಕು ಜನ, ಮೂರು ದಿನ: ಒಬ್ಬರಿಗೆ ದಿನಕ್ಕೆ ಹನ್ನೆರಡು ಲೀಟರು ಚಿಲ್ಲರೆ. ಒಂದು ಬಕೆಟ್ಟಿಗೂ ಕಡಿಮೆ. ಷವರ್ ಬಿಟ್ಟುಕೊಂಡು ಹಾಡು ಹೇಳುವ ನಿಮ್ಮಿಬ್ಬರಿಗೆ ಇದು ಕಷ್ಟ. ವಾರಕ್ಕೊಮ್ಮೆ ನಲ್ಲಿ ಬರುವ ಬೇಸಿಗೆಗಳನ್ನು ಕಂಡ ನಿಮ್ಮ ಅತ್ತೆಗೆ ಇದು ಸಲೀಸು. ನೀರಿನ ಯಜಮಾನಿಕೆ ಅವರಿಗೇ ಕೊಡು. ಅಮೆರಿಕಕ್ಕೆ ಬಂದ ದಿನದಿಂದ ಮೈಕ್ರೋವೇವ್ ಒತ್ತುವುದಕ್ಕೂ ಸೊಸೆಯನ್ನು ಕೇಳಬೇಕಾದ ಹೆಂಗಸಿಗೆ, ತಾನೇ ಬಲ್ಲವಳಾಗಿ ನಿಲ್ಲುವ ಜಾಗ ಒಂದು ಸಿಕ್ಕಿತಲ್ಲ. ಆರ್‌ವಿ ಕೊಡುವ ಸಂತೋಷಗಳಲ್ಲಿ ಇದನ್ನು ನಾನು ಮೇಲಿನ ಸಾಲಿನಲ್ಲಿ ಇಡುತ್ತೇನೆ.

ಬಿಷಪ್ಪಿನಲ್ಲಿ ಖಾಸಗಿ ಆರ್‌ವಿ ಪಾರ್ಕಿಗೆ ಹೋಗಿ. ಅಲ್ಲಿ ನೀರಿನ ನಲ್ಲಿ, ಕರೆಂಟಿನ ಕಂಬ, ಕೊಳೆ ಹೋಗುವ ಪೈಪು ಮೂರೂ ನಿಮ್ಮ ಬಾಗಿಲಿಗೇ. ಮೂವತ್ತು ಆಂಪ್ಸ್ ಅಂದರೆ 120 ವೋಲ್ಟಿನಲ್ಲಿ 3,600 ವಾಟ್. ಎ.ಸಿ. ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಅದರ ಜೊತೆಗೆ ಚಟ್ನಿಗೆ ಮಿಕ್ಸಿಯನ್ನೂ ತಿರುಗಿಸಿದರೆ ಬ್ರೇಕರ್ ಬೀಳುತ್ತದೆ. ಒಂದಾದ ಮೇಲೊಂದು ಮಾಡಿ. ಜನರೇಟರ್ ಇದ್ದರೂ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೌನದ ಹೊತ್ತು, ಅಕ್ಕಪಕ್ಕದವರ ನಿದ್ದೆ ಕೆಡಿಸಬಾರದು.

ಈಗ ಎಲ್ಲರೂ ಮೂಗು ಮುಚ್ಚಿಕೊಂಡು ಕೇಳುವ ಸಂಗತಿ. ಪಾಯಿಖಾನೆಯದು ಬ್ಲ್ಯಾಕ್ ಟ್ಯಾಂಕ್, ಸ್ನಾನದ-ಪಾತ್ರೆಯ ನೀರಿನದು ಗ್ರೇ ಟ್ಯಾಂಕ್. ಹುಕ್‌ಅಪ್ ಇದ್ದರೂ ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ತೆರೆದೇ ಬಿಡಬೇಡಿ. ನೀರು ಹರಿದುಹೋಗಿ ಗಟ್ಟಿಯದು ಕೂತುಬಿಡುತ್ತದೆ. ತುಂಬುತ್ತಾ ಬಂದ ಮೇಲೆ ಕೈಗವಸು ಹಾಕಿಕೊಂಡು ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ. ಸೋಪುನೀರು ಹಿಂದಿನಿಂದ ಬಂದು ಪೈಪು ತೊಳೆಯುತ್ತದೆ. ಈ ಟ್ಯಾಂಕಿಗೆ ನೀರು ಹೆಚ್ಚಿದ್ದಷ್ಟೂ, ಕಾಗದ ಕಡಿಮೆಯಾದಷ್ಟೂ ಒಳ್ಳೆಯದು. ಹೀಗಾಗಿ ನಮ್ಮ ಚೊಂಬಿನ ಪದ್ಧತಿ ಈ ಗಾಡಿಗೆ ಹೇಳಿ ಮಾಡಿಸಿದ್ದು! ಬೇಗ ತುಂಬುತ್ತದೆ, ಆದರೆ ಕಟ್ಟಿಕೊಳ್ಳುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಮರೆಯದೆ ತೆಗೆದುಕೊಂಡು ಹೋಗು. ಕೆಲಸ ಯಾರದು ಅಂತ ಕೇಳಬೇಡ. ನಿಮ್ಮ ದೊಡ್ಡಪ್ಪ ಅಷ್ಟೂ ವರ್ಷ ಮಾಡಿದರು, ಅಳಿಯಂದಿರೂ ಮಾಡುತ್ತಾರೆ.

ಒಲೆ ಮತ್ತು ಕರಡಿ

ನಿಮ್ಮ ಅತ್ತೆ ಹೊರಗೆ ಉಣ್ಣುವವರಲ್ಲ, ಬೆಳಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟುವವರಲ್ಲ. ಕಾರು-ಮೋಟೆಲ್ ಪ್ರವಾಸದಲ್ಲಿ ಇಂಥವರು ಅರೆಹೊಟ್ಟೆಯಲ್ಲಿ, ಬಾಳೆಹಣ್ಣು ತಿಂದುಕೊಂಡು, ಮಕ್ಕಳಿಗೆ ಬೇಜಾರಾಗಬಾರದು ಅಂತ 'ಚಂದ ಇದೆ' ಅನ್ನುತ್ತಾ ತಿರುಗುತ್ತಾರೆ. ಆರ್‌ವಿಯಲ್ಲಿ ಊಟದ ಮೇಜೇ ಬೆಳಗಿನ ಪೂಜೆಯ ಜಾಗ. ಕಿಟಕಿಯಾಚೆ ಸರೋವರ. ನೀವಿಬ್ಬರೂ ಆ ಹೊತ್ತಿಗೆ ಹೊರಗೆ ನಡೆದಾಡಿ ಬನ್ನಿ.

ಅಡುಗೆ ಹಗುರವಾಗಿರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಈರುಳ್ಳಿ ಇದ್ದರೆ ಎರಡು ಹೊತ್ತಿನ ಊಟಕ್ಕೆ ಒಲೆಯೇ ಬೇಡ. ಮಂಡಕ್ಕಿ ತೂಕವಿಲ್ಲ, ಸಂಜೆಗೆ ಒಗ್ಗರಣೆ ಹಾಕಿಕೊಳ್ಳಿ. ಆ ಒಗ್ಗರಣೆಯನ್ನು ಮಾತ್ರ ಒಳಗೆ ಹಾಕಬೇಡಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಮ್ಮು ಇಡೀ ಕ್ಯಾಂಪ್‌ಗ್ರೌಂಡನ್ನು ಎಬ್ಬಿಸುತ್ತದೆ. ಹೊರಗಿನ ಪಿಕ್ನಿಕ್ ಮೇಜಿನ ಮೇಲೆ ಸಣ್ಣ ಗ್ಯಾಸ್ ಸ್ಟೋವ್ ಇಡಿ. ಒಳಗೆ ಒಲೆ ಹಚ್ಚಿದಾಗ ಕಿಟಕಿ, ಫ್ಯಾನು ತೆರೆದಿರಲಿ. ಚಳಿ ಅಂತ ಒಲೆ ಉರಿಸಿಟ್ಟು ಮೈ ಕಾಯಿಸುವುದು ಜೀವಕ್ಕೇ ಅಪಾಯ; ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುವ ವಿಷ.

ಊಟವಾದ ಮೇಲೆ ಹೊರಗೆ ಒಂದು ಅಗುಳೂ ಉಳಿಯಬಾರದು. ಜೂನ್ ಲೇಕ್, ಮ್ಯಾಮತ್ ಕಡೆ ಕರಡಿಗಳು ಓಡಾಡುತ್ತವೆ, ತುಪ್ಪದ ವಾಸನೆಗೆ ಬರುವುದಕ್ಕೆ ಅವುಗಳಿಗೆ ಆಹ್ವಾನ ಬೇಡ. ಕ್ಯಾಂಪಿನವರು ಕೊಟ್ಟ ಕಬ್ಬಿಣದ ಪೆಟ್ಟಿಗೆ ಇದ್ದರೆ ಬಳಸಿ, ಕಾರಿನಲ್ಲಿ ಬಿಸ್ಕತ್ತನ್ನೂ ಬಿಡಬೇಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಸೌದೆ ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಒಂದೂರಿನ ಕಟ್ಟಿಗೆಯಲ್ಲಿ ಅಡಗಿದ ಹುಳು ಇನ್ನೊಂದೂರಿನ ಕಾಡನ್ನು ತಿನ್ನುತ್ತದೆ. ಬೆಂಕಿ ನಿಷೇಧ ಇದ್ದರೆ ಸೌದೆಯೂ ಬೇಡ, ಶಾಲು ಸಾಕು.

ನಿಂತ ಮೇಲೆ

ಗಾಡಿ ನಿಂತಿತು, ಚಕ್ರಕ್ಕೆ ಅಡ್ಡ ಕೊಟ್ಟಾಯಿತು. ಇನ್ನು ಏನು ಮಾಡಬೇಕು ಅಂತ ಕೇಳಿದರೆ, ಕಡಿಮೆ ಮಾಡಬೇಕು.

ಮಾವನವರು ಬೆಳಗ್ಗೆ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹೊರಡುತ್ತಾರೆ ನೋಡು. ಪ್ರತಿ ಗಾಡಿಯ ಎದುರೂ ನಿಂತು ಇದರ ಇಂಜಿನ್ ಎಲ್ಲಿ, ಇದರ ಮೆಟ್ಟಿಲು ಹೇಗೆ ಮಡಚುತ್ತದೆ ಅಂತ ಪರಿಶೀಲನೆ. ಇಂಗ್ಲಿಷ್ ಹೆಚ್ಚು ಬಾರದಿದ್ದರೂ ಚಿಂತೆಯಿಲ್ಲ. ಆರ್‌ವಿ ಇಟ್ಟುಕೊಂಡವರಿಗೆ ತಮ್ಮ ಗಾಡಿ ತೋರಿಸುವಷ್ಟು ಪ್ರೀತಿಯ ಕೆಲಸ ಇನ್ನೊಂದಿಲ್ಲ. ಕ್ಯಾಂಪ್ ಹೋಸ್ಟ್ ಅಂತ ಇರುತ್ತಾರೆ, ಬಹಳ ಸಲ ನಿವೃತ್ತ ದಂಪತಿ. ಇದ್ದುಕೊಂಡು ಉಸ್ತುವಾರಿ ನೋಡಿಕೊಳ್ಳುವುದಕ್ಕೆ ಪ್ರತಿಯಾಗಿ ಅವರಿಗೆ ಜಾಗ ಪುಕ್ಕಟೆ. ಅವರನ್ನು ಚಹಾಕ್ಕೆ ಕರೆಯಿರಿ. ನಿಮ್ಮ ಬೀದಿಯಲ್ಲಿ ಆರು ತಿಂಗಳಾದರೂ ಆಗದ ಪರಿಚಯ ಇಲ್ಲಿ ಅರ್ಧ ದಿನದಲ್ಲಿ ಆಗುತ್ತದೆ, ಯಾಕೆಂದರೆ ಇಲ್ಲಿ ಎಲ್ಲರೂ ಬಾಗಿಲ ಹೊರಗೆ ಕೂತಿರುತ್ತಾರೆ.

ಒಂದು ಸಂಜೆ ಮೋನೋ ಸರೋವರದ ಸೌತ್ ಟೂಫಾ ದಂಡೆಗೆ ಕರೆದುಕೊಂಡು ಹೋಗು. ಸಮುದ್ರಕ್ಕಿಂತ ಎರಡು ಪಟ್ಟಿಗೂ ಮೀರಿದ ಉಪ್ಪು. ಮೀನಿಲ್ಲ, ಸಣ್ಣ ಸೀಗಡಿ ಮತ್ತು ನೊಣ, ಅವನ್ನು ತಿನ್ನುವ ಲಕ್ಷಾಂತರ ಹಕ್ಕಿ. ದಂಡೆಯಲ್ಲಿ ನಿಂತಿರುವ ಸುಣ್ಣದ ಗೋಪುರಗಳು ನೀರಿನೊಳಗೆ ಹುಟ್ಟಿದವು. ಅವು ಹೊರಗೆ ಕಾಣುವುದು ಯಾಕೆ ಅನ್ನುವುದು ಮಾವನವರಿಗೆ ಹೇಳಬೇಕಾದ ಕಥೆ. ಮುನ್ನೂರು ಮೈಲಿ ಆಚೆಯ ಲಾಸ್ ಏಂಜಲೀಸ್ ನಗರ 1913ರಲ್ಲಿ ಓವೆನ್ಸ್ ಕಣಿವೆಯ ನೀರನ್ನು ಕಾಲುವೆಯಲ್ಲಿ ಒಯ್ದಿತು. ಓವೆನ್ಸ್ ಸರೋವರ ಒಣಗಿ ಧೂಳಾಯಿತು. 1941ರಿಂದ ಮೋನೋಗೆ ಬರುವ ತೊರೆಗಳಿಗೂ ಕೈ ಹಾಕಿತು. ಸರೋವರ ನಲವತ್ತೈದು ಅಡಿಯಷ್ಟು ಇಳಿಯಿತು. ವಿದ್ಯಾರ್ಥಿಗಳು, ಹಕ್ಕಿ ನೋಡುವವರು ಹೋರಾಡಿ, ಕೋರ್ಟು ಕಚೇರಿ ಅಲೆದು, 1994ರಲ್ಲಿ ಸರೋವರವನ್ನು ಸಮುದ್ರಮಟ್ಟದಿಂದ 6,392 ಅಡಿಗೆ ಏರಿಸಬೇಕೆಂಬ ಆದೇಶ ತಂದರು. ಆ ಮಟ್ಟ ಇನ್ನೂ ಮುಟ್ಟಿಲ್ಲ. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ಗದ್ದೆ ಇಟ್ಟುಕೊಂಡು, ನೀರು ಬರುತ್ತದೋ ಇಲ್ಲವೋ ಅಂತ ರಾತ್ರಿ ಕಾದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಅವರೇ ನಿಮಗೆ ನಾಲ್ಕು ಮಾತು ಹೇಳುತ್ತಾರೆ. ಬಸ್ಸಿನಲ್ಲಿ ಬಂದು ಇಪ್ಪತ್ತು ನಿಮಿಷದಲ್ಲಿ ಫೋಟೊ ತೆಗೆದುಕೊಂಡು ಹೋಗುವವರಿಗೆ ಈ ಮಾತುಕತೆಗೆ ಬಿಡುವೆಲ್ಲಿ?

ಬಿಷಪ್ಪಿನಿಂದ ಕಾರಿನಲ್ಲಿ ಬ್ರಿಸಲ್‌ಕೋನ್ ಪೈನ್ ಮರಗಳನ್ನು ನೋಡಲು ಹೋಗಬಹುದು. ಅಲ್ಲಿ ಒಂದು ಮರಕ್ಕೆ 4,800 ವರ್ಷ ಮೀರಿದೆ. ಯಾವುದು ಅಂತ ಫಲಕ ಹಾಕಿಲ್ಲ, ಜನರ ಕೈಯಿಂದ ಉಳಿಯಲಿ ಅಂತ. ಜಾಗ 10,000 ಅಡಿಯಷ್ಟು ಎತ್ತರ. ಬಿ.ಪಿ., ಉಬ್ಬಸ ಇರುವ ಹಿರಿಯರು ವೈದ್ಯರನ್ನು ಕೇಳದೆ ಹತ್ತಬಾರದು. ಲೋನ್ ಪೈನ್ ಹತ್ತಿರ ಮಂಜನಾರ್ ಇದೆ, 1942ರಿಂದ 1945ರವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ತಂತಿಬೇಲಿಯೊಳಗೆ ಕೂಡಿಟ್ಟ ಶಿಬಿರ. ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ. ವಲಸೆ ಬಂದ ನಾವು ತಪ್ಪದೆ ನೋಡಬೇಕಾದ ಜಾಗ. ಊರಿನ ಪಶ್ಚಿಮಕ್ಕೆ ಅಲಬಾಮಾ ಹಿಲ್ಸ್, ಒಂದರ ಮೇಲೊಂದು ಉರುಟು ಬಂಡೆ. ಹಂಪಿ ಕಂಡವರಿಗೆ ಇದು ಪರಿಚಿತ ಭೂಮಿ. ಎರಡೂ ಕಡೆ ಗ್ರಾನೈಟ್ ಕಲ್ಲೇ ಮಳೆ-ಬಿಸಿಲಿಗೆ ಸವೆದು ಗುಂಡಾಗಿದೆ. 1939ರ 'ಗಂಗಾ ದಿನ್' ಚಿತ್ರಕ್ಕೆ ಈ ಬಂಡೆಗಳೇ ಭಾರತದ ವಾಯವ್ಯ ಗಡಿಯಾಗಿ ನಟಿಸಿದವು! ಬೆನ್ನಿಗೆ 14,505 ಅಡಿಯ ಮೌಂಟ್ ವಿಟ್ನಿ. ಸೂರ್ಯ ಹುಟ್ಟುವ ಮುಂಚೆ ಕುರ್ಚಿ ಹಾಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂರಿ. ಮೊದಲ ಬೆಳಕು ಬೀಳುವುದು ಆ ಶಿಖರಗಳ ಮೇಲೆ.

ಎಲ್ಲಾ ಹಿತವಾಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಇಪ್ಪತ್ತೈದು ಅಡಿಯಲ್ಲಿ ನಾಲ್ಕು ಜನ, ಒಂದೇ ಬಚ್ಚಲು, ಮಾವನವರ ಗೊರಕೆ. ಮೂರನೇ ದಿನ ಯಾರದೋ ಮುಖ ಊದಿಕೊಳ್ಳುತ್ತದೆ. ಅವತ್ತು ಯಾವ ಕಾರ್ಯಕ್ರಮವನ್ನೂ ಇಡಬೇಡ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಡೆದುಹೋಗಲಿ. ಹಸಿವಾದಾಗ ತಾವೇ ಬರುತ್ತಾರೆ. ಮನೆಯಲ್ಲಾದರೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಎರಡು ದಿನ ಸಾಗಿಸಬಹುದಾದ ಮುನಿಸು ಇಲ್ಲಿ ಸಂಜೆಯ ಚಹಾದೊಳಗೆ ಮುಗಿಯಲೇಬೇಕು. ಇದೂ ಸಣ್ಣ ಗಾಡಿಯ ಉಪಕಾರವೇ.

ಗಾಡಿ ಹಿಂದಿರುಗಿಸುವ ದಿನ ಅವಸರ ಬೇಡ. ಟ್ಯಾಂಕು ಖಾಲಿ ಮಾಡಿ, ಪೆಟ್ರೋಲು ತುಂಬಿ, ನೆಲ ಗುಡಿಸಿ, ತೆಗೆದುಕೊಂಡಾಗಲೂ ಕೊಡುವಾಗಲೂ ಸುತ್ತ ವಿಡಿಯೊ ಮಾಡಿಟ್ಟುಕೊಳ್ಳಿ. ಇಳಿದ ಮರುವಾರವೇ 'ಒಂದು ಕೊಂಡುಬಿಡೋಣ' ಅಂತ ಅಳಿಯಂದಿರು ಶುರು ಮಾಡುತ್ತಾರೆ, ಎಲ್ಲರೂ ಮಾಡುತ್ತಾರೆ. ಆ ಗಾಡಿ ವರ್ಷದಲ್ಲಿ ಎಷ್ಟು ರಾತ್ರಿ ಕಾಡಿನಲ್ಲಿ, ಎಷ್ಟು ರಾತ್ರಿ ಬಾಡಿಗೆ ಕೊಟ್ಟು ನಿಲ್ಲಿಸಿದ ಪಾರ್ಕಿಂಗಿನಲ್ಲಿ ನಿಲ್ಲುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸು, ಸುಮ್ಮನಾಗುತ್ತಾರೆ. ಇನ್ನೆರಡು ಸಲ ಬಾಡಿಗೆಯಲ್ಲೇ ಹೋಗಿಬನ್ನಿ, ಕೊಳ್ಳುವ ಮಾತು ಆಮೇಲೆ.

ಸದ್ಯಕ್ಕೆ ಮೊದಲು ಅತ್ತೆಗೆ ಫೋನ್ ಮಾಡಿ ಸೆಪ್ಟೆಂಬರ್ ಆಗುತ್ತದೆಯೇ ಕೇಳು, ಆಮೇಲೆ ಜಾಗ ಹಿಡಿ. ಜಾಗ ಸಿಕ್ಕ ದಿನ ನನಗೆ ತಿಳಿಸು. ಖಡಕ್ ರೊಟ್ಟಿ, ಚಟ್ನಿಪುಡಿ ನಾನೇ ಮಾಡಿ ಕಳಿಸುತ್ತೇನೆ.

ನಿನ್ನ
ದೊಡ್ಡಮ್ಮ